ಕ್ಯಾಮೆರಾಕ್ಕೆ ತೋರಿಸಿದ ಅಂಗೈ

ಭೀಮಬಾಯಿ ಕೆಲಸ ಮುಗಿಸಿ ಮನೆಗೆ ಹೊರಡುತ್ತಿದ್ದ ರೀತಿಯನ್ನು ಮೊದಲು ಹೇಳಿಬಿಡಬೇಕು. ಅವಳಿಗೆ ಆದದ್ದೆಲ್ಲ ಅದನ್ನು ನಂಬಿಕೊಂಡೇ ಆದದ್ದು.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಬಂಗಾರದ ಅಂಗಡಿಯಲ್ಲಿ ಅವಳು ಕಸ ಗುಡಿಸುವವಳು. ಸಂಜೆ ಗಿರಾಕಿಗಳು ಹೋಗಿ, ನೆಲ ಒರೆಸಿ, ಗಾಜಿನ ಕಪಾಟುಗಳ ಮೇಲಿನ ಬೆರಳ ಗುರುತು ಅಳಿಸಿ ಆದ ಮೇಲೆ, ಬಾಗಿಲ ಮೇಲಿನ ಕ್ಯಾಮೆರಾದ ಕೆಳಗೆ ಬಂದು ನಿಲ್ಲುವಳು. ಕೈಚೀಲದಿಂದ ಖಾಲಿ ಬುತ್ತಿ ಡಬ್ಬಿ ತೆಗೆದು, ಅದರ ಮುಚ್ಚಳ ಬಿಚ್ಚಿ, ಚೀಲವನ್ನು ತಲೆಕೆಳಗು ಮಾಡಿ ಹಿಡಿಯುವಳು. ಸೆರಗು ಝಾಡಿಸುವಳು. ತುರುಬು ಬಿಚ್ಚಿ ಮತ್ತೆ ಕಟ್ಟುವಳು. ಕೊನೆಗೆ ಎರಡೂ ಅಂಗೈ ಅಗಲಿಸಿ ಮೇಲಕ್ಕೆತ್ತಿ, "ಜೈಭೀಮ" ಅಂದು, ಚಪ್ಪಲಿ ಮೆಟ್ಟಿಕೊಂಡು ಕಮಲಾಪುರದ ಬಸ್ಸಿಗೆ ಓಡುವಳು.

ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ತೀರಿಕೊಂಡ ಹೊಸದರಲ್ಲಿ ಅವಳು ಸೇಡಂ ರಸ್ತೆಯ ಒಂದು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಮನೆಯ ಮಗಳ ಕಾಲ್ಗೆಜ್ಜೆ ಕಾಣೆಯಾಯಿತು. ಇಡೀ ಓಣಿ ನೋಡುವಂತೆ ಭೀಮಬಾಯಿಯನ್ನು ಅಂಗಳದಲ್ಲಿ ಕೂಡಿಸಿದರು. ಮಧ್ಯಾಹ್ನ ಗೆಜ್ಜೆ ಮಗಳ ಶಾಲೆಯ ಚೀಲದಲ್ಲೇ ಸಿಕ್ಕಿತು. ಸಿಕ್ಕ ಮೇಲೆ ಒಳಗಿನಿಂದ ಒಂದು ಕಪ್ ಚಹಾ ಕಳಿಸಿದರು, ಅಷ್ಟೇ. ಆ ಚಹಾ ಇಂದಿಗೂ ಅವಳ ಗಂಟಲಿನಲ್ಲೇ ನಿಂತಿದೆ. ಹಾಗಾಗಿ ಬಂಗಾರದ ಅಂಗಡಿಯ ಗೋಡೆಯ ಮೇಲೆ ಕ್ಯಾಮೆರಾ ಕಂಡ ದಿನ ಉಳಿದ ಕೆಲಸಗಾರರು ಮುಖ ಸಿಂಡರಿಸಿದರೆ, ಇವಳೊಬ್ಬಳಿಗೆ ಜೀವ ತಂಪಾಯಿತು. ಮಂದಿ ಕಂಡದ್ದನ್ನು ಕಂಡಿಲ್ಲ ಅನ್ನಬಹುದು, ಇದು ಅನ್ನಲಾರದು ಎಂದುಕೊಂಡಳು. ಅವತ್ತೇ ಸಂಜೆ ಅದರ ಮುಂದೆ ಚೀಲ ಬಿಚ್ಚಿದಳು. ಮಳೆಯಿರಲಿ, ಜ್ವರವಿರಲಿ, ಬಸ್ಸು ತಪ್ಪುವಂತಿರಲಿ, ಒಂದು ದಿನವೂ ತಪ್ಪಿಸಲಿಲ್ಲ.

ಅವಳನ್ನು ಆ ಕೆಲಸಕ್ಕೆ ಸೇರಿಸಿದವರು ಅಂಗಡಿಯ ಮ್ಯಾನೇಜರ್ ವಿಠ್ಠಲರಾಯರು. ಹಣೆಗೆ ಗೋಪಿಚಂದನ, ಜೇಬಿನಲ್ಲಿ ಕನ್ನಡಕದ ಡಬ್ಬಿ, ಮನೆಯವರೊಂದಿಗೆ ಫೋನಿನಲ್ಲಿ ಮರಾಠಿ, ಗಿರಾಕಿಗಳೊಂದಿಗೆ ಸವಿಗನ್ನಡ. ಒಳ್ಳೆಯವರು. ಇದನ್ನು ಚುಚ್ಚಿ ಹೇಳುತ್ತಿಲ್ಲ, ಅವರು ನಿಜವಾಗಿಯೂ ಒಳ್ಳೆಯವರು. ಈ ಕಥೆಯಲ್ಲಿ ಹೊಟ್ಟೆ ಉರಿಸುವ ಸಂಗತಿಯೇ ಅದು. ಅಂಗಡಿಯಲ್ಲಿ ಭೀಮಬಾಯಿಯ ನೀರಿನ ಲೋಟ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಒಂದು ದಿನ ವಿಠ್ಠಲರಾಯರು ಅದನ್ನು ತಾವೇ ತಂದು ಎಲ್ಲರ ಲೋಟಗಳ ಸಾಲಿನಲ್ಲಿಟ್ಟರು. ಮರುದಿನ ಲೋಟ ಮತ್ತೆ ಕಿಟಕಿಗೆ ಹೋಗಿತ್ತು. ಅವರು ಅದನ್ನು ನೋಡಿದರು, ಭೀಮಬಾಯಿಯೂ ಅವರು ನೋಡಿದ್ದನ್ನು ನೋಡಿದಳು. ಲೋಟ ಕಿಟಕಿಯಲ್ಲೇ ಉಳಿಯಿತು.

ಮಗಳ ಮಾತನ್ನೂ ಅಂಗಡಿಯ ಒಡೆಯರಾದ ಸಾವಕಾರರ ಕಿವಿಗೆ ಹಾಕಿದವರು ಅವರೇ. ಭೀಮಬಾಯಿಯ ಮಗಳು ಸುಮಂಗಲಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. "ಹುಡುಗಿ ಶಾಣ್ಯಾ ಅದಾಳ, ಮಾತು ಛಲೋ ಆಡ್ತಾಳ. ಪರೀಕ್ಷೆ ಮುಗಿದ ಮ್ಯಾಲೆ ಕೌಂಟರಿಗೆ ತೊಗೊಳ್ಳೋಣ್ರಿ," ಅಂದಿದ್ದರು. ಸಾವಕಾರರು ಆಗಲೆಂದರು. ಅಂದಿನಿಂದ ಭೀಮಬಾಯಿಗೆ ಕೌಂಟರಿನ ಗಾಜು ಒರೆಸುವುದೇ ಬೇರೆಯಾಯಿತು. ತಾನು ಈಚೆಯಿಂದ ಒರೆಸುವ ಗಾಜಿನ ಆಚೆ ಮಗಳು ಕೂಡುತ್ತಾಳೆ, ಗಿರಾಕಿಗಳು ಅವಳನ್ನು "ಮೇಡಂ" ಅನ್ನುತ್ತಾರೆ. ಅದೊಂದನ್ನು ನೆನೆದರೆ ಸೊಂಟದ ನೋವು ಮರೆಯುತ್ತಿತ್ತು.

ಬಂಗಾರದ ಅಂಗಡಿಯ ಕಸದ ಬಗ್ಗೆಯೂ ಒಂದು ಮಾತು. ಅಲ್ಲಿ ಕಸ ಹೊರಗೆ ಚೆಲ್ಲುವಂತಿಲ್ಲ. ಹಿಂದಿನ ಕೋಣೆಯಲ್ಲಿ ಒಡವೆಗೆ ಅರ ಹಾಕಿ ಉಜ್ಜುತ್ತಾರಲ್ಲ, ಆ ಪುಡಿ ಗಾಳಿಗೆ ಹಾರಿ ಎಲ್ಲೆಲ್ಲೋ ಬಿದ್ದಿರುತ್ತದೆ. ಅದಕ್ಕೇ ಗುಡಿಸಿದ್ದನ್ನೆಲ್ಲ ಒಂದು ತಗಡಿನ ಡಬ್ಬಿಗೆ ಸುರಿಯಬೇಕು. ಡಬ್ಬಿಗೆ ಬೀಗ, ಮೇಲೆ ಹುಂಡಿಯಂತೆ ಒಂದು ಸೀಳು. ಹಾಕಲು ಬರುತ್ತದೆ, ತೆಗೆಯಲು ಬರುವುದಿಲ್ಲ. ಕೀಲಿ ಸಾವಕಾರರ ಸೊಂಟದಲ್ಲಿ. ದಸರೆಯ ಮುಂದೆ ಕಸ ತೊಳೆಯುವವರು ಬಂದಾಗ ಮಾತ್ರ ಬೀಗ ತೆಗೆಯುತ್ತಿದ್ದರು. ಗುಡಿಸುವವಳು ಕಸದಲ್ಲಿ ಏನು ಹೊಳೆದರೂ ಬಗ್ಗಿ ಆರಿಸಬಾರದು, ಹಾಗೇ ಸುರಿಯಬೇಕು. ಬಗ್ಗಿದವಳ ಮೇಲೆ ಅನುಮಾನ ಬರುತ್ತದೆ. ಭೀಮಬಾಯಿ ಎಂದೂ ಬಗ್ಗಲಿಲ್ಲ.

ಕ್ಯಾಮೆರಾಗಳ ಚಿತ್ರವನ್ನೆಲ್ಲ ಕೂಡಿಡುವ ಪೆಟ್ಟಿಗೆ ಮ್ಯಾನೇಜರರ ಕ್ಯಾಬಿನ್ನಿನಲ್ಲಿತ್ತು. ಒಳಗೆ ಹಳೆಯ ಹಾರ್ಡ್ ಡಿಸ್ಕು ಗರಗರ ಅನ್ನುತ್ತಿತ್ತು. ವಿಠ್ಠಲರಾಯರ ಮಗ ಅತುಲ ಸೇಡಂ ರಸ್ತೆಯಲ್ಲಿ ಕ್ಯಾಮೆರಾ, ಕಂಪ್ಯೂಟರುಗಳ ಅಂಗಡಿ ಇಟ್ಟಿದ್ದ. ದಸರೆಯ ಹೊತ್ತಿಗೆ ಅವನು ಬಂದು ಆ ಡಿಸ್ಕನ್ನು ಕಿತ್ತು, ಬಿಸ್ಕತ್ತಿನ ಪೊಟ್ಟಣದಷ್ಟು ತೆಳ್ಳಗಿನ ಹೊಸ ಬಗೆಯ ಡಿಸ್ಕು, ಒಂದು ಎಸ್‌ಎಸ್‌ಡಿ ಕೂಡಿಸಿದ. "ಇದರಾಗ ತಿರುಗೂ ಚಕ್ರ ಇಲ್ಲ, ಸಪ್ಪಳ ಇಲ್ಲ. ಸವೆಯೂ ಮಾತೇ ಇಲ್ಲ," ಅಂದ. ಹೊಸತೆಂದರೆ ಒಳ್ಳೆಯದೇ ಇರಬೇಕು ಎಂದು ಸಾವಕಾರರು ತಲೆಯಾಡಿಸಿದರು. ಪೆಟ್ಟಿಗೆ ತಣ್ಣಗಾಯಿತು.

ಸಂಕ್ರಾಂತಿಯ ಮರುದಿನ ಆ ಪೆಟ್ಟಿಗೆ ಕೀಂ ಕೀಂ ಅನ್ನತೊಡಗಿತು. ಕ್ಯಾಬಿನ್ ಒರೆಸುವವಳು ಭೀಮಬಾಯಿ. ಮೊದಲು ಕೇಳಿದವಳೂ ಅವಳೇ. ಓಡಿ ಹೋಗಿ ವಿಠ್ಠಲರಾಯರಿಗೆ ಹೇಳಿದಳು: "ರಾಯರ, ಕ್ಯಾಮೆರಾದ ಡಬ್ಬಿ ಒದರಾಕತ್ತದ್ರಿ. ಅದಕ್ಕೇನೋ ತ್ರಾಸ ಆಗ್ಯಾದ ನೋಡ್ರಿ."

ರಾಯರು ಪರದೆ ನೋಡಿದರು. ಎಲ್ಲ ಕ್ಯಾಮೆರಾಗಳ ಚಿತ್ರವೂ ನೆಟ್ಟಗೆ ಕಾಣುತ್ತಿತ್ತು. ಮಗನಿಗೆ ಫೋನು ಹಚ್ಚಿದರು. ಅವನು ಎಲ್ಲೋ ಏಣಿಯ ಮೇಲಿದ್ದನಂತೆ. "ಚಿತ್ರ ಬರಾಕತ್ತಾವಲ್ಲ ಬಾಬಾ? ಮತ್ತೇನಿಲ್ಲ. ಆ ಸಪ್ಪಳ ಬಂದ್ ಮಾಡೂದು ಸೆಟ್ಟಿಂಗಿನಾಗ ಅದ, ಮಾಡ್ರಿ. ಗಿರಾಕಿಗೆ ಕಿರಿಕಿರಿ ಆಗ್ತದ," ಎಂದು ಹೇಗೆ ಮಾಡುವುದೆಂದು ಅಲ್ಲಿಂದಲೇ ಹೇಳಿಕೊಟ್ಟ. ರಾಯರು ಹೇಳಿದಂತೆ ಒತ್ತಿದರು. ಸಪ್ಪಳ ನಿಂತಿತು. ಬಂದು ನೋಡುತ್ತೇನೆಂದಿದ್ದ ಅತುಲ ಬರಲಿಲ್ಲ, ಮದುವೆ ಹಂಗಾಮು, ಅವನಿಗೆ ಕೈತುಂಬ ಕೆಲಸ. ರಾಯರೂ ನೆನಪಿಸಲಿಲ್ಲ. ಭೀಮಬಾಯಿ ಅಂದು ಸಂಜೆಯೂ ಬಾಗಿಲಲ್ಲಿ ನಿಂತು ಅಂಗೈ ತೋರಿಸಿ ಹೋದಳು.

ಅಕ್ಷಯ ತೃತೀಯೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಕಲಬುರಗಿಯ ಬಿಸಿಲು ಡಾಂಬರು ಕರಗಿಸುತ್ತಿತ್ತು; ಒಳಗೆ ಜನ ಎ.ಸಿ.ಗಾದರೂ ಬಂದು ಒಂದು ಮೂಗುತಿ ಕೇಳುತ್ತಿದ್ದರು. ಸಂಜೆ ಗುಡಿಸಲು ಕಸವೇ ಎರಡರಷ್ಟಿತ್ತು. ಮರುದಿನ ಬೆಳಿಗ್ಗೆ ತಟ್ಟೆಗಳನ್ನು ಎಣಿಸುವಾಗ ಒಂದು ಹರಳಿನ ಮೂಗುತಿ ಕಡಿಮೆ ಬಂತು.

ಎಲ್ಲರ ಕಣ್ಣು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಮೂಗುತಿಯ ತಟ್ಟೆ ಗಿರಾಕಿಗಳ ಮುಂದೆ ಬಿಚ್ಚಿಟ್ಟವರು ಮಾರುವವರು, ಹಿಂದೆ ಎತ್ತಿಟ್ಟವರೂ ಅವರೇ. ಆದರೆ ಮೊದಲು ಕರೆದದ್ದು ಕಸದವಳನ್ನು. ಕೌಂಟರಿನ ಜಯದೇವಿ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದು ಸೀರೆ ಬಿಚ್ಚಿಸಿ ನೋಡಿದಳು. ಅದೇ ಜಯದೇವಿ ಸಂಕ್ರಾಂತಿಗೆ ಅವಳ ಕೈಗೆ ಕುಸುರೆಳ್ಳು ಹಾಕಿ ಒಳ್ಳೆಯ ಮಾತಾಡು ಎಂದವಳು. "ನಾ ಏನ್ ಮಾಡ್ಲಿ ಭೀಮಬಾಯಿ, ಸಾವಕಾರ್ರು ಹೇಳ್ಯಾರ," ಎಂದು ಅವಳು ಅತ್ತಕಡೆ ತಿರುಗಿಕೊಂಡೇ ಹೇಳಿದಳು.

ಭೀಮಬಾಯಿಗೆ ನಾಚಿಕೆಯಾಯಿತು, ಆದರೆ ಹೆದರಿಕೆಯಾಗಲಿಲ್ಲ. ಸೀರೆ ಉಟ್ಟುಕೊಂಡು ಹೊರಗೆ ಬಂದವಳೇ ಸಾವಕಾರರಿಗೆ ಎದುರು ನಿಂತು, "ಕ್ಯಾಮೆರಾ ಹಚ್ಚಿ ನೋಡ್ರಿ ಸಾವಕಾರ್ರ. ಎಲ್ಲಾರ ಮುಂದ ಹಚ್ರಿ. ನಿನ್ನಿ ಸಂಜೀಕ ನಾ ಚೀಲ ಬಿಚ್ಚಿ ತೋರ್ಸೀನಿ, ತುರುಬು ಬಿಚ್ಚಿ ತೋರ್ಸೀನಿ. ಅದರಾಗ ಎಲ್ಲಾ ಅದ," ಅಂದಳು. ಅವಳ ದನಿ ಆ ಅಂಗಡಿಯಲ್ಲಿ ಅಷ್ಟು ಗಟ್ಟಿಯಾಗಿ ಹಿಂದೆಂದೂ ಎದ್ದಿರಲಿಲ್ಲ.

ವಿಠ್ಠಲರಾಯರು ಕ್ಯಾಬಿನ್ನಿಗೆ ಹೋದರು. ಹೋದವರು ಬೇಗ ಬರಲಿಲ್ಲ. ಬಂದಾಗ ಅವರ ಮುಖ ಬಿಳುಚಿತ್ತು. "ನಿನ್ನಿದು ಕಾಣಸವಲ್ದು. ಒಳಗಿನ ಡಿಸ್ಕ ಕೈ ಕೊಟ್ಟಾದ," ಅಂದರು.

ಸಾವಕಾರರು ಕೇಳಿದ್ದು ಒಂದೇ ಪ್ರಶ್ನೆ: "ಆ ಡಬ್ಬಿ ದಿನಾ ಒರಸೋರು ಯಾರು?"

ಒರೆಸುವವಳು ಅವಳೇ. ಒದ್ದೆ ಬಟ್ಟೆಯಿಂದ. ಕದ್ದವಳೂ ಅವಳೇ, ಕದ್ದದ್ದನ್ನು ನೋಡಿದ ಕಣ್ಣಿಗೆ ನೀರು ಹಾಕಿ ಕೆಡಿಸಿದವಳೂ ಅವಳೇ ಎಂದು ಅಲ್ಲಿದ್ದವರ ತಲೆಯಲ್ಲಿ ಆ ಕ್ಷಣಕ್ಕೇ ಕೂತುಬಿಟ್ಟಿತು. ಪೊಲೀಸರ ಮಾತು ಬಂತು. ರಾಯರೇ ನಡುವೆ ಬಂದು, ಡಿಸ್ಕಿನಿಂದ ಅಳಿದದ್ದನ್ನು ತೆಗೆಯುವ ವಕಾರ ಎಂಬವನೊಬ್ಬ ರೋಜಾ ಓಣಿಯಲ್ಲಿದ್ದಾನೆ, ಮೊದಲು ತೋರಿಸೋಣ ಅಂದರು. ನಾನೂ ಬರುತ್ತೇನೆಂದು ಭೀಮಬಾಯಿ ಹಟ ಹಿಡಿದಳು. "ನನ್ನ ಸಾಕ್ಷಿ ಅದರೊಳಗ ಅದ. ನಾ ಬಿಟ್ಟಿರಂಗಿಲ್ಲ," ಅಂದಳು.

ವಕಾರನ ಅಂಗಡಿ ದರ್ಗಾದ ದಾರಿಯಲ್ಲಿ, ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ. ಹೊರಗೆ ಹೂವಿನ ಚಾದರ ಮಾರುವವರ ಕೂಗು, ಒಳಗೆ ಬೆಸುಗೆಯ ಹೊಗೆ. ವಕಾರ ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ. ಮೇಲಿನ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದ. ಕೆಳಗೆ ಇನ್ನೊಂದು ಹಳೆಯ ಚೀಟಿ ಇತ್ತು.

"ಇದು ಹೊಸಾದಲ್ಲ ಸಾಬ್. ಎಲ್ಲೋ ಓಡಿ ದಣದಿದ್ದು. ಮ್ಯಾಲೆ ಹೊಸ ಅಂಗಿ ಹಾಕ್ಯಾರ. ಯಾರು ಕೊಟ್ರು?"

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾರ್ಕೆಟ್ಟಿನಾಗ ತಂದಿದ್ದು," ಅಂದರು.

ಕಂಪ್ಯೂಟರಿಗೆ ಹಚ್ಚಿದರೆ ಡಿಸ್ಕು ಇದ್ದಂತೆಯೇ ಕಾಣಲಿಲ್ಲ. ಭೀಮಬಾಯಿಯ ಮುಖ ನೋಡಿ ವಕಾರನಿಗೆ ಏನನ್ನಿಸಿತೋ, ಕೈಕೆಲಸ ನಿಲ್ಲಿಸಿ ಅವಳಿಗೇ ಹೇಳತೊಡಗಿದ. "ದೇಖೋ ಅಮ್ಮಾ, ಚಿತ್ರ ಎಲ್ಲಾ ಈ ಕರೀ ಚಿಪ್ಪಿನಾಗ ಇರ್ತಾವ. ಆದ್ರ ಒಂದೇ ಕಡೆ ಇರಂಗಿಲ್ಲ, ಚೂರ್ ಚೂರ್ ಆಗಿ ಎಲ್ಲೆಲ್ಲೋ ಇರ್ತಾವ. ಯಾವ ಚೂರು ಎಲ್ಲಿ ಇಟ್ಟದ ಅಂತ ಇದೊಂದಕ್ಕೇ ಗೊತ್ತು," ಎಂದು ಬೆರಳ ತುದಿಯಷ್ಟರ ಇನ್ನೊಂದು ಚಿಪ್ಪನ್ನು ತೋರಿಸಿದ. "ಕಂಟ್ರೋಲರ್. ಇದರ ತಲಿ ಕೆಟ್ರ ಖತಂ. ಮಾಲ್ ಎಲ್ಲಾ ಒಳಗೇ ಇರ್ತದ, ಯಾರಿಗೂ ಸಿಗಂಗಿಲ್ಲ. ಇದು ತನ್ನ ಗುಪ್ತ ಭಾಷಾದಾಗ ಬರದಿರ್ತದ, ಚಿಪ್ ಕಿತ್ತು ಬ್ಯಾರೆ ಕಡೆ ಹಚ್ಚಿದ್ರೂ ಓದಾಕ ಬರಂಗಿಲ್ಲ."

"ಅಡಗಿಮನ್ಯಾಗಿನ ಮುದುಕಿ ಸತ್ತಂಗ," ಅಂದಳು ಭೀಮಬಾಯಿ. "ಉಪ್ಪು ಎಲ್ಲಿ, ಖಾರ ಎಲ್ಲಿ, ಯಾರಿಗೂ ಗೊತ್ತಿಲ್ಲ."

"ಬರಾಬರ್."

"ನಾ ಹಸಿ ಬಟ್ಟಿ ಹಚ್ಚಿದ್ದಕ್ಕ ಸತ್ತದೇನು?"

ವಕಾರ ಡಿಸ್ಕಿನ ಹೊದಿಕೆ ಬಿಚ್ಚಿ, ಮೂಸುವವನಂತೆ ಹತ್ತಿರ ಹಿಡಿದು ನೋಡಿದ. "ಒಂದ್ ಹನಿ ಪಸಿ ಇಲ್ಲ. ಬರದು ಬರದು ಸತ್ತದ. ತಿರುಗೂ ಚಕ್ರ ಇಲ್ಲಂದ್ರ ಸವೆಯಂಗಿಲ್ಲ ಅಂತ ಮಂದಿ ತಿಳ್ಕೊಂಡಾರ. ಬರದು ಅಳಿಸಿ, ಬರದು ಅಳಿಸಿ ಇದೂ ಸವೀತದ. ಕ್ಯಾಮೆರಾ ಅಂದ್ರ ಹಗಲಿ ರಾತ್ರಿ ಬರಿಯೂದು. ಮೊದಲೇ ಮುದುಕ ಆದದ್ದನ್ನ ತಂದು ಅಂಥಾ ಕೆಲಸಕ್ಕ ಹಚ್ಚಿದ್ರ ಎಷ್ಟ ದಿನ ತಡೀತದ?" ಎಂದು ರಾಯರ ಕಡೆ ನೋಡಿದ. ರಾಯರು ಹೊರಗಿನ ಹೂವಿನ ಅಂಗಡಿಯ ಕಡೆ ನೋಡುತ್ತಿದ್ದರು.

ಬರೀ ಕರೆಂಟು ಕೊಟ್ಟು ಸುಮ್ಮನೆ ಬಿಟ್ಟರೆ ಎಷ್ಟೋ ಸಲ ಎಚ್ಚರಾಗುತ್ತದೆ, ನೋಡೋಣ ಎಂದು ಅವನು ಡಿಸ್ಕನ್ನು ಒಂದು ಮೂಲೆಗೆ ಹಚ್ಚಿಟ್ಟ. ಭೀಮಬಾಯಿ ಲಾಡ್ಜಿನ ಮೆಟ್ಟಿಲ ಮೇಲೆ ಕೂತಳು. ದರ್ಗಾದ ಕಡೆ ಮುಖ ಮಾಡಿ, ಮನೆಯ ಗೋಡೆಯ ಮೇಲಿನ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ನೆನೆದಳು. ಯಾರಾದರೂ ಸರಿ, ಒಮ್ಮೆ ಅದನ್ನು ಎಬ್ಬಿಸಲಿ ಎಂದುಕೊಂಡಳು.

ಡಿಸ್ಕು ಎದ್ದಿತು. ಭೀಮಬಾಯಿ ಒಳಗೆ ಓಡಿದಳು. ವಕಾರ ಕೊನೆಯ ಚಿತ್ರ ತೆಗೆದ. ಬಾಗಿಲ ಕ್ಯಾಮೆರಾದ ಚಿತ್ರ. ಅವಳು ತನ್ನನ್ನು ತಾನು ಕಂಡಳು.

ಇಷ್ಟು ವರ್ಷ ತೋರಿಸಿದರೂ, ತೋರಿಸುವಾಗ ತಾನು ಹೇಗೆ ಕಾಣುತ್ತೇನೆಂದು ಅವಳು ನೋಡಿರಲಿಲ್ಲ. ತಾನು ತಲೆಯೆತ್ತಿ ನಿಲ್ಲುತ್ತೇನೆ, ಬಾ ನೋಡು ಎಂಬಂತೆ ಅಂಗೈ ಚಾಚುತ್ತೇನೆ ಎಂದೇ ಅವಳು ತಿಳಿದಿದ್ದಳು. ಪರದೆಯ ಮೇಲಿನ ಹೆಂಗಸು ಕುಗ್ಗಿ ನಿಂತಿದ್ದಳು. ಭುಜ ಒಳಗೆ ಸೆಳೆದುಕೊಂಡು ಚೀಲ ಝಾಡಿಸುತ್ತಿದ್ದಳು. ಕೈಯಲ್ಲೊಂದು ಕಾಗದದ ಪೊಟ್ಟಣ. ಅದನ್ನೂ ಬಿಚ್ಚಿ, ಒಳಗಿನ ಕುಸುರೆಳ್ಳನ್ನು ಬೆರಳಿನಿಂದ ಸರಿಸಿ ಸರಿಸಿ ಕ್ಯಾಮೆರಾಕ್ಕೆ ತೋರಿಸಿದಳು. ಭೀಮಬಾಯಿಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಮರುಗಳಿಗೆ ಅಳು ಬಂತು.

"ಇದು ಸಂಕ್ರಾಂತಿ ಹಬ್ಬದ ಸಂಜೀದು," ಅಂದಳು. "ಮುಂದಿಂದು ತೋರ್ಸ್ರಿ."

"ಮುಂದ ಇಲ್ಲ ಅಮ್ಮಾ. ಇಲ್ಲಿಗೇ ನಿಂತದ. ಇದಾದ ಮ್ಯಾಲೆ ಈ ಡಿಸ್ಕು ಓದಾಕ ಕೊಡ್ತದ, ಬರಿಯಾಕ ಕೊಡಂಗಿಲ್ಲ. ಕ್ಯಾಮೆರಾ ಬರಿ, ಬರಿ ಅಂತ ಕಳಿಸ್ಯಾದ, ಇದು ಒಂದೂ ತೊಗೊಂಡಿಲ್ಲ. ಪರದೆ ಮ್ಯಾಲೆ ಕಾಣೂದು ಬ್ಯಾರೆ, ಒಳಗ ಉಳಿಯೂದು ಬ್ಯಾರೆ," ಅಂದ ವಕಾರ. ಆಮೇಲೆ ಏನೋ ನೆನಪಾದವನಂತೆ, "ಹಿಂಗಾದ್ರ ಆ ಪೆಟಗಿ ಒದರ್ತದಲ್ಲ? ಕೀಂ ಕೀಂ ಅಂತ? ಯಾರೂ ಕೇಳ್ಸ್ಕೊಳ್ಳಲಿಲ್ಲೇನು?"

ಭೀಮಬಾಯಿ ರಾಯರನ್ನು ನೋಡಿದಳು. ರಾಯರು ನೋಡಲಿಲ್ಲ.

"ಇಷ್ಟಾದ್ರೂ ಕಾಪಿ ತೆಗೀಲೇನು? ಮತ್ತೊಮ್ಮೆ ಏಳ್ತದ ಅಂತ ಗ್ಯಾರಂಟಿ ಇಲ್ಲ," ಎಂದು ವಕಾರ ಕೇಳಿದ.

"ಬ್ಯಾಡ," ಅಂದರು ರಾಯರು. "ಬೇಕಾದ ದಿನದ್ದೇ ಇಲ್ಲಂದ ಮ್ಯಾಲೆ ಉಳದದ್ದು ತೊಗೊಂಡು ಏನ್ ಮಾಡೂದು? ಬಿಚ್ಚಿ ಕೊಡು." ವಕಾರ ತಂತಿ ಕಿತ್ತು ಡಿಸ್ಕನ್ನು ಅವರ ಕೈಗಿಟ್ಟ.

ಭೀಮಬಾಯಿ ಅಲ್ಲೇ ಅಡ್ಡ ಬರಬೇಕಿತ್ತು. ಸಂಕ್ರಾಂತಿಗೇ ಕಣ್ಣು ಮುಚ್ಚಿದ ಡಿಸ್ಕನ್ನು ಅವಳು ಅಕ್ಷಯ ತೃತೀಯೆಗೆ ಕೆಡಿಸಲು ಸಾಧ್ಯವಿಲ್ಲ ಎಂಬುದಕ್ಕೆ ಇದ್ದ ಒಂದೇ ಪುರಾವೆ ಆ ಕಾಪಿ. ಆದರೆ ರಾಯರೇ ಜೊತೆಗಿದ್ದಾರೆ, ಅವರೇ ಕಣ್ಣಾರೆ ನೋಡಿದ್ದಾರೆ, ಅವರಿಗಿಂತ ದೊಡ್ಡ ಪುರಾವೆ ಯಾಕೆ ಬೇಕು ಎಂದುಕೊಂಡಳು. ಯಂತ್ರದಿಂದ ಕಿತ್ತ ನಂಬಿಕೆಯನ್ನು ಅವಳು ದಾರಿಯಲ್ಲೇ ಮನುಷ್ಯನಿಗೆ ಕಟ್ಟಿದ್ದಳು.

ಅಂಗಡಿಗೆ ಬಂದ ಮೇಲೆ ಡಿಸ್ಕು ಮತ್ತೆ ಏಳಲಿಲ್ಲ. ಎಷ್ಟು ಸಲ ಹಚ್ಚಿದರೂ ಇಲ್ಲ.

"ಸಾವಕಾರ್ರ, ಅದು ಸಂಕ್ರಾಂತಿಗೇ ಸತ್ತಿತ್ರಿ," ಅಂದಳು ಭೀಮಬಾಯಿ. "ರೋಜಾದಾಗ ನಾವಿಬ್ರೂ ನೋಡೀವಿ. ಅದು ಒದರಾಕತ್ತಾಗ ನಾನೇ ರಾಯರಿಗೆ ಹೇಳೀನಿ. ರಾಯರು ಅತುಲಪ್ಪಗ ಫೋನ್ ಮಾಡಿ ಸಪ್ಪಳ ಬಂದ್ ಮಾಡ್ಯಾರ. ಕೇಳ್ರಿ ಬೇಕಾದ್ರ."

ಸಾವಕಾರರು ತಿರುಗಿದರು. "ಹೌದೇನ್ರೀ ವಿಠ್ಠಲರಾವ್?"

ಹೌದು ಅಂದರೆ ಅತುಲನ ಕಥೆ ಮುಗಿದಂತೆ. ಹಳೆಯದಕ್ಕೆ ಹೊಸ ಚೀಟಿ ಹಚ್ಚಿದ್ದನ್ನು ತಂದು ಹಾಕಿದ, ಒದರಿದ್ದನ್ನು ಬಾಯಿ ಮುಚ್ಚಿಸಿದ ಎಂದು ಸುದ್ದಿಯಾದರೆ ಸೂಪರ್ ಮಾರ್ಕೆಟ್ಟಿನ ಒಬ್ಬ ವ್ಯಾಪಾರಿಯೂ ಅವನನ್ನು ಕರೆಯುವುದಿಲ್ಲ. ಇದನ್ನೆಲ್ಲ ರಾಯರು ಆ ಒಂದು ಗಳಿಗೆಯಲ್ಲಿ ತೂಗಿ ನೋಡಿರಬೇಕು. ತೂಗುವುದು ಅವರ ಕಸುಬಲ್ಲವೇ.

"ಒದರಿದ್ದು... ನನಗ ನೆನಪಿಲ್ರಿ," ಅಂದರು. "ಅಲ್ಲಿ ಏನೋ ಒಂದೆರಡು ಹಳೀ ಚಿತ್ರ ಬಂದ್ವು, ಸರಿಯಾಗಿ ಏನೂ ತಿಳೀಲಿಲ್ಲ. ಕಂಟ್ರೋಲರ್ ಹೋಗ್ಯಾದ ಅಂದಾ."

"ಯಾಕ ಹೋತು?"

"ಒಳಗ ನೀರಿನ ಪಸಿ ಹೋಗಿರ್ಬೇಕು ಅನಸ್ತದ."

ಭೀಮಬಾಯಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ರಾಯರ," ಅಂದಳು. ಇನ್ನೊಮ್ಮೆ, "ರಾಯರ, ನನ್ನ ಕಡೆ ನೋಡಿ ಹೇಳ್ರಿ," ಅಂದಳು. ಅವರು ಕನ್ನಡಕದ ಡಬ್ಬಿ ತೆರೆದರು, ಮುಚ್ಚಿದರು. "ಹಂಗಾದ್ರ ಆ ವಕಾರ ಸಾಬಗಾದ್ರೂ ಒಂದು ಮಾತು ಕೇಳ್ರಿ," ಎಂದು ಸಾವಕಾರರಿಗೆ ಅಂದಳು. "ಯಾರಿಗೂ ಕೇಳೂ ಜರೂರಿ ಇಲ್ಲ," ಅಂದರು ಸಾವಕಾರರು. "ಪೊಲೀಸ್ರಿಗೆ ಹೇಳಂಗಿಲ್ಲ, ಹೋಗು. ನಾಳಿಂದ ಬರಬ್ಯಾಡ. ಮಗಳ ಮಾತೂ ಇಲ್ಲಿಗೇ ಬಿಡು." ಪೊಲೀಸರಿಗೆ ಹೇಳದಿರುವುದು ದೊಡ್ಡ ಉಪಕಾರವೆಂದು ಎಲ್ಲರೂ ತಲೆಯಾಡಿಸಿದರು. ಭೀಮಬಾಯಿಗೆ ಅನಿಸಿದ್ದು ಬೇರೆ: ಪೊಲೀಸರಾದರೂ ಬಂದಿದ್ದರೆ ಯಾರಾದರೂ ವಕಾರನನ್ನು ಕೇಳುತ್ತಿದ್ದರು.

ಅವಳು ಚೀಲ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಕಾಲು ಅಭ್ಯಾಸದಂತೆ ನಿಂತಿತು. ಕ್ಯಾಮೆರಾದ ಪಕ್ಕದ ಕೆಂಪು ದೀಪ ಎಂದಿನಂತೆ ಉರಿಯುತ್ತಿತ್ತು. ಅಂದು ಅವಳು ಏನೂ ತೋರಿಸದೆ ದಾಟಿಹೋದಳು.

ಕಮಲಾಪುರಕ್ಕೆ ಸುದ್ದಿ ಅವಳಿಗಿಂತ ಮುಂಚೆ ಬಸ್ಸು ಹತ್ತಿತ್ತು. ಯಾರೂ ಎದುರಿಗೆ ಕಳ್ಳಿ ಅನ್ನಲಿಲ್ಲ. ಮದುವೆ ಮನೆಯಲ್ಲಿ ಅವಳು ಒಳಕೋಣೆಗೆ ಹೋದರೆ ಹಿಂದಿನಿಂದ ಒಬ್ಬರು ಏನೋ ಹುಡುಕುವವರಂತೆ ಬರುತ್ತಿದ್ದರು. ಸುಮಂಗಲಾ ಪರೀಕ್ಷೆ ಪಾಸಾಗಿ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಗಳಲ್ಲಿ ಕೆಲಸ ಕೇಳಿದಳು. ತಾಯಿ ಎಲ್ಲಿ ಕೆಲಸ ಮಾಡುತ್ತಿದ್ದಳು, ಯಾಕೆ ಬಿಟ್ಟಳು ಎಂದು ಕೇಳುವವರೆಗೆ ಎಲ್ಲರೂ ನಗುತ್ತಲೇ ಮಾತಾಡುತ್ತಿದ್ದರು. ಕೊನೆಗೆ ತಾಯಿ ಮಗಳಿಬ್ಬರೂ ತೋಟದವರಿಂದ ಕೆಂಪು ಬಾಳೆಹಣ್ಣು ತಂದು ಕಮಲಾಪುರದ ಬಸ್ ನಿಲ್ದಾಣದ ಎದುರು ಗೋಣಿತಟ್ಟು ಹಾಸಿ ಕೂತರು. ಬಿ.ಕಾಂ. ಪಾಸಾದ ಹುಡುಗಿ ಬಸ್ಸಿನ ಕಿಟಕಿಗೆ ಹಣ್ಣಿನ ಚಿಪ್ಪು ಎತ್ತಿ ಹಿಡಿಯುವುದನ್ನು ನೋಡಲಾರದೆ ಭೀಮಬಾಯಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದಕ್ಕಿಂತ ಕೆಟ್ಟದ್ದೊಂದಿತ್ತು. ಸಂಜೆ ಅಂಗಡಿ ಕಟ್ಟಿ ಏಳುವಾಗ ಅವಳ ಕೈ ತಾನಾಗಿ ಸೆರಗು ಝಾಡಿಸುತ್ತಿತ್ತು. "ಯವ್ವಾ, ಇಲ್ಲಿ ಯಾರಿಗೆ ತೋರಸಾಕತ್ತೀ?" ಎಂದು ಒಮ್ಮೆ ಮಗಳು ಗದರಿದಳು. ಆಮೇಲೆ ಅವಳು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೇ ಏಳುವುದನ್ನು ಕಲಿತಳು.

ದಸರೆ ಮುಗಿದು ಬನ್ನಿ ಕೊಡುವ ದಿನಗಳಲ್ಲಿ ಒಂದು ಮಧ್ಯಾಹ್ನ ಕಲಬುರಗಿಯ ಬಸ್ಸಿನಿಂದ ವಿಠ್ಠಲರಾಯರು ಇಳಿದರು. ಕೈಯಲ್ಲಿ ಬನ್ನಿ ಎಲೆ, ಒಂದು ಸಿಹಿಯ ಡಬ್ಬಿ. ಸೊರಗಿದ್ದರು. ಭೀಮಬಾಯಿ ಕೂಡ್ರಿ ಅನ್ನಲಿಲ್ಲ. ಅವರು ನಿಂತೇ ಹೇಳಿದರು.

"ಮೂಗುತಿ ಸಿಕ್ಕದ."

ಭೀಮಬಾಯಿ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟಳು.

"ಕಸದ ಡಬ್ಬಿ ಬಿಚ್ಚಿದ್ರು. ತೊಳ್ಯಾವ್ರು ಜಾಳಿಗಿ ಹಿಡಿದಾಗ ಬಂತು. ಆ ದಿನ ಗದ್ಲದಾಗ ಕೆಳಗ ಬಿದ್ದಿರ್ಬೇಕು. ನೀವು ಗುಡಿಸಿ ಹಾಕೀರಿ."

ಬಗ್ಗಿ ಆರಿಸದೆ ಸುರಿದದ್ದು. ಆರಿಸಿದ್ದರೆ ಕಳ್ಳಿ, ಆರಿಸಲಿಲ್ಲವೆಂದೂ ಕಳ್ಳಿ. ಆದರೂ ಅವಳ ಎದೆ ಹಗುರವಾಯಿತು, ಕಣ್ಣು ತುಂಬಿತು. "ಸುಮಂಗಲಾ, ಕೇಳ್ದೇನವಾ? ಸಿಕ್ಕದಂತ!" ಎಂದು ಕೂಗಿದಳು. ಮಗಳು ಬಸ್ಸಿನ ಕಡೆಯಿಂದ ಓಡಿಬಂದು ಪಕ್ಕದಲ್ಲಿ ನಿಂತಳು. "ಸಾವಕಾರ್ರು ಏನಂದ್ರು?" ಎಂದು ಕೇಳಿದವಳು ಅವಳೇ.

ರಾಯರು ತಲೆ ಕೆಳಗೆ ಹಾಕಿದರು. "ಅವರು... ಕ್ಯಾಮೆರಾ ನೋಡ್ತಾರ ಅಂತ ಹೆದರಿ ಡಬ್ಬಿಯೊಳಗ ಹಾಕಿಬಿಟ್ಟಾಳ ಅಂದ್ರು. ಎಲ್ಲಾರೂ ಹಂಗೇ ಅನ್ನಾಕತ್ತಾರ."

"ಡಬ್ಬಿಗೆ ಬೀಗ ಇತ್ತಲ್ರಿ. ಹಾಕಿದ್ದು ತೆಗಿಯಾಕ ಬರಂಗಿಲ್ಲ. ಕದಿಯೋರು ಅದರಾಗ ಯಾಕ ಹಾಕ್ತಾರ?"

"ನನಗ ಗೊತ್ತದ, ಭೀಮಬಾಯಿ."

"ಅಲ್ಲಿ ಅಂದ್ರೇನು ಇದನ್ನ?"

ರಾಯರು ಸಿಹಿಯ ಡಬ್ಬಿಯನ್ನು ಗೋಣಿತಟ್ಟಿನ ಅಂಚಿಗೆ ಇಟ್ಟರು. ಅವರ ಕಣ್ಣಲ್ಲೂ ನೀರಿತ್ತು, ಅದು ಸುಳ್ಳು ನೀರಲ್ಲ. "ನನಗ ನಿದ್ದಿ ಬರಂಗಿಲ್ಲ," ಅಂದರು. "ಆದ್ರ ನಾ ಏನ್ ಮಾಡ್ಲಿ? ಹೆತ್ತ ಮಗ. ಅವನೂ ಮೋಸ ಹೋಗಿದ್ದ, ಹೊಸಾದಂತ ಯಾರೋ ಕೊಟ್ಟಿದ್ರು. ಆ ದರಿದ್ರ ಡಿಸ್ಕ ಆ ದಿನದ್ದೊಂದು ಹಿಡಿದಿಟ್ಟಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ. ಅದೊಂದು ಬಾಯಿ ಬಿಟ್ಟಿದ್ರ ಸಾಕಿತ್ತು."

ಭೀಮಬಾಯಿ ಸಿಹಿಯ ಡಬ್ಬಿಯನ್ನು ಎತ್ತಿ ಅವರ ಕೈಗೆ ವಾಪಸ್ಸು ಕೊಟ್ಟಳು. ಸೇಡಂ ರಸ್ತೆಯ ಅಂಗಳದಲ್ಲಿ ಕುಡಿದ ಚಹಾ ಒಂದೇ ಸಾಕಾಗಿತ್ತು.

"ಅದಕ್ಯಾಕ ಬೈತೀರಿ ರಾಯರ?" ಅಂದಳು. "ಅದು ಸತ್ತಿತ್ತು. ನೀವು ಜೀವಂತ ಇದ್ರಿ."